ಚಂದನ ನೋಡಿದ ಸಿನಿಮಾ

ನಲ್ಲೂರು
18 ನವೆಂಬರ್ 2024

ಚಂದನಳ ಅಪ್ಪನಿಗೆ,

ಪಕ್ಕದ ಮನೆಯ ಚೈತ್ರ ಇವತ್ತು ಸಂಜೆ ಸ್ಕೂಲ್ ಬ್ಯಾಗು ಕೂಡ ಇಳಿಸದೆ ನಮ್ಮ ಮನೆಗೆ ಓಡಿಬಂದಳು. ಕೈಯಲ್ಲಿ ದೊಡ್ಡಬಳ್ಳಾಪುರದ ಆ ವಾರಪತ್ರಿಕೆ. "ಆಂಟಿ, ಚಂದನ ಸತ್ತಿಲ್ವಂತೆ! ಪೇಪರಲ್ಲಿ ಬರ್ದವ್ಳೆ ನೋಡಿ" ಅಂದಳು. ನಾಲ್ಕನೇ ಕ್ಲಾಸಿನ ಮಗು, ಖುಷಿಯಿಂದಲೇ ಹೇಳಿದಳು. ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಮ್ಮಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

ಪತ್ರಿಕೆ ತೆಗೆದುಕೊಂಡು ಓದಿದೆ. "ಚಂದನ ನೋಡಿದ ಸಿನಿಮಾ" ಎಂದು ಅವಳಿದ್ದಾಗಿನ ಅಂಕಣದ ಹೆಸರನ್ನೇ ಮೇಲೆ ಹಾಕಿದೆ. ಪಕ್ಕದಲ್ಲಿ ಎರಡು ಜಡೆಯ ಅದೇ ಫೋಟೋ. ಮೋಡ ಹೊಲಿಯುವ ಅಜ್ಜಿಯ ಸಿನಿಮಾ ಅಂತೆ, ಅಜ್ಜಿಯ ಸೂಜಿ ಕಳೆದುಹೋಗುವ ಜಾಗ ಅವಳಿಗೆ ತುಂಬ ಇಷ್ಟವಾಯಿತಂತೆ. ಜುಲೈ ಹತ್ತೊಂಬತ್ತಕ್ಕೆ ಮಣ್ಣು ಮಾಡಿದ ಮಗು ನವೆಂಬರ್ ತಿಂಗಳಲ್ಲಿ ಸಿನಿಮಾ ನೋಡಿತು ಎಂದು ನೀವು ಊರಿಗೆಲ್ಲ ಹೇಳಿದ್ದೀರಿ.

ನಾನು ಚೈತ್ರಳಿಗೆ ಏನು ಹೇಳಲಿ? ಇಲ್ಲಮ್ಮ, ಸತ್ತಿರುವುದು ನಿಜ ಎಂದು ನನ್ನ ಬಾಯಿಂದಲೇ ಮತ್ತೊಂದು ಸಲ ಹೇಳಬೇಕಾಯಿತು. ಆ ಮಗು ಅಳುತ್ತಾ ಹೋಯಿತು.

ನಿಲ್ಲಿಸಿಬಿಡಿ. ಜಗಳವಾಡುವ ಶಕ್ತಿ ನನಗಿಲ್ಲ, ಇಷ್ಟನ್ನೇ ಕೇಳುತ್ತಿದ್ದೇನೆ. ಫೋನು ಮಾಡಬೇಡಿ. ನಿಮ್ಮ ಫೋನು ಬಂದಾಗಲೆಲ್ಲ ಹಿಂದಿನಿಂದ "ಕೊಡಪ್ಪಾ, ಕೊಡಪ್ಪಾ" ಎಂದು ಅವಳು ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತಿದ್ದಳು. ಈಗಲೂ ನನ್ನ ಕಿವಿ ಅದಕ್ಕೇ ಕಾಯುತ್ತದೆ. ಹೇಳುವುದಿದ್ದರೆ ಬರೆದು ತಿಳಿಸಿ.

ಅಕ್ಷತ


ದೊಡ್ಡಬಳ್ಳಾಪುರ
26 ನವೆಂಬರ್ 2024

ಅಕ್ಷತಾ,

ನಿನ್ನ ಕಾಗದ ಗುರುವಾರ ಬಂತು. ಮಗ್ಗದ ಶೆಡ್ಡಿನಲ್ಲಿ ನಿಂತುಕೊಂಡೇ ಓದಿದೆ. ಉತ್ತರಕ್ಕೆ ಕೂರಲು ಐದು ದಿನ ಹಿಡಿಯಿತು. ಹದಿನೈದು ವರ್ಷದಿಂದ ದಿನಚರಿ ಬರೆಯುವವನು ನಾನು, ಪೆನ್ನು ಹಿಡಿಯುವುದು ಕಷ್ಟವಲ್ಲ. ಆದರೂ ಆಗಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಜುಲೈ ಏಳರ ಭಾನುವಾರ ನಾವಿಬ್ಬರೂ ನಮ್ಮೂರ ಟಾಕೀಸಿನಲ್ಲಿ ಚಳಿಗಾಲದ ನಿದ್ದೆ ಮರೆತ ಕರಡಿಯ ಸಿನಿಮಾ ನೋಡಿದೆವು. ದಾರಿಯುದ್ದಕ್ಕೂ ಅವಳು ಹೇಳಿದಳು, ಮನೆಗೆ ಬಂದು ನಾನು ಎಂದಿನಂತೆ ಅವಳ ಅಂಕಣಕ್ಕೆ ಸಾಫು ಮಾಡಿ ಬರೆದಿಟ್ಟೆ. ಬುಧವಾರ ಜ್ವರ ಬಂತು. ಹಾಲುತುಪ್ಪ ಬಿಟ್ಟ ಮೂರು ದಿನಕ್ಕೆ ಪತ್ರಿಕೆಯ ಕಾಂತರಾಜು ಮನೆಗೆ ಬಂದರು. "ಬರ್ದಿಟ್ಟಿರೋದು ಏನಾದ್ರೂ ಐತಾ ಗುರು? ಇದ್ರೆ ಕೊಡು, ಮಗು ಹೇಳಿದ ಕೊನೇ ಮಾತು, ಹಾಕೋಣ" ಅಂದರು. ಕೊಟ್ಟೆ. ಕೆಳಗೆ ಎರಡು ಸಾಲು ಶ್ರದ್ಧಾಂಜಲಿ ಹಾಕಲೇ ಎಂದು ಕೇಳಿದರು. ಬೇಡ, ಮುಂದಿನ ವಾರ ನಾನೇ ಬರೆದುಕೊಡುತ್ತೇನೆ ಎಂದೆ. ಮುಂದಿನ ವಾರ ಅದನ್ನೇ ಬರೆಯಲೆಂದು ಕೂತೆ. ಅದರ ಬದಲು ಇನ್ನೊಂದು ಸಿನಿಮಾ ಬರೆದೆ.

ಕಾಂತರಾಜು ಅದನ್ನು ಎರಡು ಸಲ ಓದಿದರು. ಆಮೇಲೆ ಪ್ರೆಸ್ಸಿಗೆ ಕಳಿಸಿದರು. ನಮ್ಮ ಬೀದಿಯವರಿಗೆ, ಅವಳ ಶಾಲೆಯವರಿಗೆ ವಿಷಯ ಗೊತ್ತು. ಗೊತ್ತಿದ್ದವರು ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಸಾಸಲು, ಹೊಸಕೋಟೆ ಕಡೆಯ ಓದುಗರಿಗೆ ಗೊತ್ತಿಲ್ಲ. ಸಾಸಲಿನ ಶಾಲೆಯಿಂದ ಮಕ್ಕಳು "ಚಂದನ ಅಕ್ಕ, ಮುಂದಿನ ಸಿನಿಮಾ ಯಾವುದು" ಎಂದು ಕಾರ್ಡು ಹಾಕುತ್ತಾರೆ.

ಅವಳು ಸಿನಿಮಾ ನೋಡುತ್ತಿದ್ದ ರೀತಿಯನ್ನು ನಿನಗೆ ಹೇಳಿಯೇ ಇರಲಿಲ್ಲ. ಭಾನುವಾರ ನಿನಗೆ ಗಾರ್ಮೆಂಟ್ಸಿನಲ್ಲಿ ಓಟಿ. ನೀನು ಬರುವಷ್ಟರಲ್ಲಿ ನಮ್ಮ ಮಾತೆಲ್ಲ ಮುಗಿದಿರುತ್ತಿತ್ತು. ಅವಳಿಗೆ ಪರದೆ ಅರ್ಧ, ಜನ ಅರ್ಧ. ಸಿನಿಮಾ ಶುರುವಾದಾಗ ಇಡೀ ಟಾಕೀಸು ಬಾಯಾಡಿಸುತ್ತಿರುತ್ತದೆ. ಪಾಪ್‌ಕಾರ್ನ್, ಚಿಪ್ಸು, ಕದ್ದು ಒಳಗೆ ತಂದ ಚಕ್ಕುಲಿ. ಯಾವುದೋ ಒಂದು ಜಾಗ ಬಂದಾಗ ಆ ಸದ್ದೆಲ್ಲ ತಾನಾಗಿ ನಿಂತುಹೋಗುತ್ತದಂತೆ. ಆಗ ಅವಳು ನನ್ನ ತೊಡೆ ಚಿವುಟುತ್ತಿದ್ದಳು, ನಾನು ಕತ್ತಲಲ್ಲೇ ಚೀಟಿಯ ಮೇಲೆ ಒಂದು ಗೀಟು ಎಳೆಯುತ್ತಿದ್ದೆ. ಅದಕ್ಕೆ ಅವಳಿಟ್ಟ ಹೆಸರು ಗಪ್‌ಚುಪ್. ಎರಡು ಗಪ್‌ಚುಪ್ ಬಂದರೆ ಪರವಾಗಿಲ್ಲ, ನಾಲ್ಕು ಬಂದರೆ ಮನೆಮಂದಿಯೆಲ್ಲ ನೋಡಬೇಕು, ಒಂದೂ ಇಲ್ಲದಿದ್ದರೆ ಚಿಪ್ಸು ಮನೆಯಲ್ಲೇ ತಿನ್ನಬಹುದು. "ಅಪ್ಪಾ, ನಗಿಸೋದು ಸುಲಭ ಕಣಪ್ಪಾ, ಎಲ್ರೂ ನಗಿಸ್ತಾರೆ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಈ ಕಂಪ್ಯೂಟರ್ ಬೊಂಬೆ ಸಿನಿಮಾಕ್ಕೆ ನಮ್ಮೂರಲ್ಲಿ ಭಾನುವಾರ ಬೆಳಗಿನ ಒಂದೇ ಆಟ. ಹತ್ತು ಹದಿನೈದು ಜನ. ಈಗ ದಿನಕ್ಕೆ ಮೂರು ಆಟ, ಕನ್ನಡದಲ್ಲೇ ಮಾತಾಡಿಸುತ್ತಾರೆ, ಶಾಲೆಯವರು ಬಸ್ಸು ಮಾಡಿಕೊಂಡು ಬರುತ್ತಾರೆ. ಮಕ್ಕಳಿಲ್ಲದ ದೊಡ್ಡವರೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರಲ್ಲಿ ಈಗ ನಾನೂ ಒಬ್ಬ. ಟಾಕೀಸಿನ ಅಶೋಕ್ "ಮಗು ಬರ್ಲಿಲ್ವೇನಣ್ಣಾ?" ಎಂದು ಪ್ರತಿ ವಾರ ಕೇಳುತ್ತಾನೆ. ಪರೀಕ್ಷೆ ಎನ್ನುತ್ತೇನೆ. ನಾಲ್ಕು ತಿಂಗಳಿಂದ ಪರೀಕ್ಷೆ ನಡೆಯುತ್ತಿದೆ.

ನಿಲ್ಲಿಸುತ್ತೇನೆ ಎಂದು ಬರೆಯಬೇಕು. ಬರೆಯುತ್ತಿಲ್ಲ. ಸ್ವಲ್ಪ ಸಮಯ ಕೊಡು. ವಾರಕ್ಕೊಮ್ಮೆ ಅವಳ ಹಾಗೆ ಯೋಚಿಸಲು ಒಂದು ಕಾರಣವಿದೆ, ಅದೂ ಹೋದರೆ ಮಗ್ಗ ಮಾತ್ರ ಉಳಿಯುತ್ತದೆ.

ವೇಣುಗೋಪಾಲ


ನಲ್ಲೂರು
9 ಡಿಸೆಂಬರ್ 2024

ಚಂದನಳ ಅಪ್ಪನಿಗೆ,

ಪತ್ರಿಕೆಯಲ್ಲಿ ಕಂಡಿದ್ದ ಗಪ್‌ಚುಪ್ ಎಂಬ ಮಾತಿಗೆ ಅರ್ಥವೇನೆಂದು ನನಗೆ ತಿಳಿದದ್ದು ನಿಮ್ಮ ಕಾಗದದಿಂದ. ಹೆತ್ತವಳು ನಾನು. ಅವಳ ಬಾಯಲ್ಲಿ ಎರಡು ವರ್ಷ ಇದ್ದ ಮಾತಿನ ಅರ್ಥ ನನಗೆ ಅಂಚೆಯಲ್ಲಿ ಬಂತು.

ಪ್ರತಿ ಭಾನುವಾರ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತುವಾಗ ಅವಳು ಬಾಗಿಲಲ್ಲಿ ನಿಂತು "ಇವತ್ತು ಬಾಮ್ಮ" ಅನ್ನುತ್ತಿದ್ದಳು. ಮುಂದಿನ ವಾರ ಕಣೇ ಅನ್ನುತ್ತಿದ್ದೆ. ಆಮೇಲಾಮೇಲೆ ಕರೆಯುವುದನ್ನು ಬಿಟ್ಟಳು. ನಿಮ್ಮನ್ನು ದೂರುತ್ತಿಲ್ಲ, ಸುಮ್ಮನೆ ಹೇಳಿದೆ.

ದೂರು ಬೇರೆ ಇದೆ. ಕಳೆದ ವಾರ ಚೈತ್ರಳ ಶಾಲೆಯವರು ಬಸ್ಸು ಮಾಡಿ ಮಕ್ಕಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ರೆಕ್ಕೆ ಬಂದ ಟ್ರ್ಯಾಕ್ಟರಿನ ಸಿನಿಮಾ. ನೀವು ಅದಕ್ಕೆ ನಾಲ್ಕು ಗಪ್‌ಚುಪ್ ಕೊಟ್ಟು ಬರೆದಿದ್ದಿರಿ. ಚೈತ್ರ ಬಂದು ಜಗಲಿ ಮೇಲೆ ಕೂತಳು. ಮುಖ ಊದಿತ್ತು.

"ಎಲ್ಲಿತ್ತು ಆಂಟಿ ಗಪ್‌ಚುಪ್? ಎಲ್ರೂ ಕಿರುಚ್ತಾನೇ ಇದ್ರು. ನಾನು ಎಣಿಸ್ಬೇಕು ಅಂತ ಚಿಪ್ಸ್ ಕೂಡ ತಿನ್ನಲಿಲ್ಲ ಗೊತ್ತಾ?"

"ನಿಂಗೆ ಗೊತ್ತಾಗಿರಲ್ಲ ಬಿಡು" ಎಂದಳು ನಮ್ಮಮ್ಮ.

"ಗೊತ್ತಾಗುತ್ತೆ ಪಾಪಮ್ಮಜ್ಜಿ. ಚಂದನ ಸುಳ್ಳು ಬರ್ದವ್ಳೆ."

ಅವಳು ಸತ್ತಿದ್ದಾಳೆ ಎಂಬುದೂ ಗೊತ್ತು, ಪತ್ರಿಕೆಯಲ್ಲಿ ಅವಳೇ ಬರೆಯುತ್ತಾಳೆ ಎಂಬುದೂ ಗೊತ್ತು. ಮಕ್ಕಳು ಎರಡನ್ನೂ ಹೇಗೋ ಒಟ್ಟಿಗೆ ಇಟ್ಟುಕೊಳ್ಳುತ್ತವೆ.

ನಮ್ಮ ಮಗಳು ಸುಳ್ಳು ಹೇಳುವವಳಾಗಿರಲಿಲ್ಲ. ನಿಮ್ಮ ಅಕ್ಕ ನಿಶ್ಚಿತಾರ್ಥಕ್ಕೆ ಉಟ್ಟುಬಂದ ಸೀರೆ ನೋಡಿ ಅಷ್ಟು ಜನರ ಮುಂದೆ "ಅತ್ತೆ, ಇದು ಕರ್ಟನ್ ಥರ ಐತೆ" ಎಂದವಳು. ಆ ಮಗುವನ್ನು ನೀವು ಸುಳ್ಳಿ ಅನ್ನಿಸಿದಿರಿ.

ಒಂದು ಕೇಳುತ್ತೇನೆ. ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೆ ನಿಮಗೆ ಕೇಳಿಸುವುದಿಲ್ಲ. ಅವಳು ಓಡಿಹೋಗಿ ಆರಿಸುತ್ತಿದ್ದಳು. ಕತ್ತಲ ಟಾಕೀಸಿನಲ್ಲಿ ಯಾರೋ ಚಿಪ್ಸು ತಿನ್ನುವುದು ನಿಂತದ್ದು ನಿಮಗೆ ಹೇಗೆ ಕೇಳಿಸಿತು?

ಅಕ್ಷತ


ದೊಡ್ಡಬಳ್ಳಾಪುರ
5 ಜನವರಿ 2025

ಅಕ್ಷತಾ,

ಕೇಳಿಸುವುದಿಲ್ಲ.

ಇಪ್ಪತ್ತೆರಡು ವರ್ಷ ಮಗ್ಗದ ನಡುವೆ ನಿಂತ ಕಿವಿ ಇದು. ದೊಡ್ಡ ಸದ್ದು ಕೇಳುತ್ತದೆ. ಸಿನಿಮಾದ ಮಾತು, ಹಾಡು ಕೇಳುತ್ತದೆ. ಬಾಯಾಡಿಸುವ ಸದ್ದು ನನಗೆ ಎಂದೂ ಕೇಳಿದ್ದಿಲ್ಲ. ಅವಳು ಚಿವುಟಿದಾಗ ಮಾತ್ರ ನಿಂತಿತು ಎಂದು ಗೊತ್ತಾಗುತ್ತಿತ್ತು. ಆಗಸ್ಟಿನಿಂದ ನಾನು ಬರೆದ ಗಪ್‌ಚುಪ್ ಅಷ್ಟೂ ನಾನೇ ಊಹಿಸಿ ಹಾಕಿದ್ದು. ಇಲ್ಲಿ ತಾಯಿ ಹಕ್ಕಿ ಹಾರಿಹೋಗುತ್ತದೆ, ಇಲ್ಲಿ ನಿಂತಿರಬೇಕು ಎಂದುಕೊಂಡು ಒಂದು ಗೀಟು. ಮರಿ ಅತ್ತರೆ ಇನ್ನೊಂದು. ನನಗೆ ಅಳು ಬಂದ ಕಡೆಯೆಲ್ಲ ಮಕ್ಕಳೂ ಸುಮ್ಮನಾಗಿರುತ್ತಾರೆ ಎಂದು ತಿಳಿದೆ. ಮಕ್ಕಳು ಅಲ್ಲಿ ಸುಮ್ಮನಾಗುವುದಿಲ್ಲ ಎಂದು ಕಾಣುತ್ತದೆ.

ನಿನ್ನ ಕಾಗದ ಬಂದ ಮೇಲೆ ಸರಿಯಾಗಿ ಮಾಡೋಣ ಎಂದು ಹೊರಟೆ. ಕ್ರಿಸ್‌ಮಸ್ ರಜೆಗೆ ಬಂದ ಸಿನಿಮಾ, ಬೇಕರಿ ನಡೆಸುವ ರೋಬೋ. ಕಿವಿ ಇಲ್ಲದಿದ್ದರೇನು, ಕಣ್ಣಿದೆಯಲ್ಲ ಎಂದು ಮುಂದಿನ ಸಾಲಿನಲ್ಲಿ ಕೂತು ಹಿಂದಕ್ಕೆ ತಿರುಗಿ ಮಕ್ಕಳ ಬಾಯಿ ನೋಡತೊಡಗಿದೆ. ಪರದೆಯ ಬೆಳಕಿನಲ್ಲಿ ಬಾಯಿ ಅಲ್ಲಾಡುವುದು ಕಾಣುತ್ತದೆ. ಹತ್ತು ನಿಮಿಷ ಆಗಿರಬೇಕು, ಒಬ್ಬ ಹೆಂಗಸು ಎದ್ದು ನಿಂತರು.

"ಏನ್ರೀ, ಆಗ್ಲಿಂದ ನೋಡ್ತಿದ್ದೀನಿ, ನಮ್ಮ ಮಗು ಮುಖಾನೇ ನೋಡ್ತಿದ್ದೀರಲ್ಲ? ಸಿನಿಮಾ ಆ ಕಡೆ ಐತೆ!"

"ಇಲ್ಲಮ್ಮ, ತಿನ್ನೋದು ನಿಲ್ಲಿಸ್ತದಾ ಅಂತ..."

"ತಿನ್ನೋದು ನೋಡಕ್ಕೆ ಬಂದಿದ್ದೀರಾ? ರೀ, ಬನ್ರೀ ಇಲ್ಲಿ!" ಎಂದು ಗಂಡನನ್ನು ಕೂಗಿದರು.

ಅವರ ಗಂಡ ಬಂದು ನನ್ನ ಕಾಲರು ಹಿಡಿದರು. ತಪ್ಪು ಅವರದಲ್ಲ. ಈ ಕಾಲದಲ್ಲಿ ಒಬ್ಬಂಟಿ ಗಂಡಸು ಮಕ್ಕಳ ಸಿನಿಮಾಕ್ಕೆ ಬಂದು ಮಕ್ಕಳನ್ನೇ ನೋಡುತ್ತಾ ಕೂತರೆ ಯಾರಾದರೂ ಹಾಗೇ ಮಾಡುತ್ತಾರೆ. ಅಶೋಕ್ ಬಂದು ಬಿಡಿಸಿದ. "ಇವ್ರು ನಮ್ಮ ಚಂದನ ಅವ್ರ ಅಪ್ಪ ಸಾರ್, ಪೇಪರಿಗೆ ಬರೀತಾಳಲ್ಲ ಆ ಮಗು" ಎಂದ. ಆಗ ಆ ಹೆಂಗಸಿನ ಮುಖ ಒಂದೇ ಸಲಕ್ಕೆ ಬದಲಾಯಿತು. "ಅಯ್ಯೋ, ಹೌದಾ? ನಾವು ಅವ್ಳು ಬರ್ದಿದ್ದು ನೋಡ್ಕೊಂಡೇ ಬರೋದು. ಎಲ್ಲಿ ಮಗು?" ಎಂದು ಸುತ್ತ ಹುಡುಕಿದರು. ಅಶೋಕ್ ನನ್ನ ಪರವಾಗಿ "ಪರೀಕ್ಷೆ ಮೇಡಂ" ಎಂದ.

ನಾನು ಹೊರಗೆ ಬಂದುಬಿಟ್ಟೆ. ರೋಬೋ ಬೇಕರಿ ಕೊನೆಗೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ಆದರೂ ಶುಕ್ರವಾರ ಅದಕ್ಕೆ ಮೂರು ಗಪ್‌ಚುಪ್ ಬರೆದೆ. ಇದನ್ನು ನಿನಗೆ ಹೇಳದಿದ್ದರೆ ನಡೆಯುತ್ತಿತ್ತು.

ಕಾಂತರಾಜು ಈಗ ಸಂಕ್ರಾಂತಿ ವಿಶೇಷಕ್ಕೆ ಒಂದು ದೊಡ್ಡ ಲೇಖನ ಕೇಳುತ್ತಿದ್ದಾರೆ, ಈ ಸಿನಿಮಾಗಳು ಯಾಕೆ ಇಷ್ಟು ಓಡುತ್ತಿವೆ ಎಂದು. ನಾನು ಏನು ಬಲ್ಲೆ? ನಮ್ಮ ಶೆಡ್ಡಿಗೂ ಕಂಪ್ಯೂಟರ್ ಜಕಾರ್ಡ್ ಬಂದಿದೆ, ಮುಂಚೆ ಹದಿನೈದು ದಿನ ರಟ್ಟಿಗೆ ತೂತು ಹೊಡೆದು ಮಾಡುತ್ತಿದ್ದ ಸೀರೆಯ ಬುಟ್ಟಾ ವಿನ್ಯಾಸ ಈಗ ಒಂದು ಗಂಟೆಗೆ ಸಿದ್ಧ. ಹಾಗೆಯೇ ಇದೂ ಇರಬೇಕು. ಕರಡಿಯ ಮೈಮೇಲಿನ ಕೂದಲು ಒಂದೊಂದೂ ಬೇರೆ ಕಾಣುತ್ತದೆ, ಒದ್ದೆಯಾದರೆ ಒದ್ದೆಯ ಹಾಗೇ ಅಂಟಿಕೊಳ್ಳುತ್ತದೆ. ಅದನ್ನು ನೋಡಲು ಮಕ್ಕಳು ಬರುತ್ತಾರೆ. ದೊಡ್ಡವರು ಬರುವುದು ಬೇರೆ ಕಾರಣಕ್ಕೆ. ಹೊಡೆದಾಟ, ರಕ್ತ, ಬೈಗುಳ ಇಲ್ಲದೆ ಎರಡು ಗಂಟೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಜಾಗ ಈಗ ಬೇರೆ ಎಲ್ಲಿದೆ? ಈ ಸಿನಿಮಾಗಳಲ್ಲಿ ಕಳೆದುಹೋದ ಮರಿ ಕೊನೆಗೆ ಸಿಕ್ಕೇ ಸಿಗುತ್ತದೆ. ನಾನು ನೋಡಿದ ನಲವತ್ತೊಂದರಲ್ಲಿ ಒಂದರಲ್ಲೂ ಸಿಗದೇ ಹೋಗಿಲ್ಲ. ದುಡ್ಡು ಕೊಟ್ಟು ಜನ ನೋಡುವುದು ಅದನ್ನೇ ಇರಬಹುದು. ಮೊದಮೊದಲು ನನಗೂ ಅದು ಹಿತವಾಗಿತ್ತು. ಈಗ ಮರಿ ಸಿಗುವ ಹೊತ್ತಿಗೆ ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ.

ಇಷ್ಟನ್ನೇ ಬರೆದುಕೊಡುತ್ತೇನೆ, ಕೊನೆಯ ಎರಡು ಸಾಲು ಬಿಟ್ಟು. ಅದರ ಕೆಳಗೂ ಅವಳ ಹೆಸರೇ ಬರುತ್ತದೆ. ಬಯ್ಯಬೇಕು ಅನ್ನಿಸಿದರೆ ಬಯ್ದು ಬರೆ.

ವೇಣು


ನಲ್ಲೂರು
23 ಜನವರಿ 2025

ಚಂದನಳ ಅಪ್ಪನಿಗೆ,

ಬಯ್ಯುವುದಕ್ಕೆ ಕೂತಿಲ್ಲ. ಮಂಗಳವಾರ ನಾನು ದೊಡ್ಡಬಳ್ಳಾಪುರಕ್ಕೆ ಬಂದಿದ್ದೆ. ಮನೆಗೆ ಬರಲಿಲ್ಲ.

ನಮ್ಮ ಚಿಕ್ಕಮ್ಮನ ಮಗ ಮುನೀಂದ್ರ ಹಬ್ಬಕ್ಕೆ ಬಂದಾಗ ಹೇಳಿದ್ದ, ಟಾಕೀಸಿನ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ, ನಮ್ಮ ಚಂದನಳ ಫೋಟೋ ಇದೆ ಎಂದು. ನಂಬಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದೆ.

ಇದ್ದದ್ದು ನಿಜ. ಎರಡಾಳು ಎತ್ತರ. "ಪುಟಾಣಿ ವಿಮರ್ಶಕಿ ಚಂದನ ಮೆಚ್ಚಿದ ಚಿತ್ರ! ನಾಲ್ಕು ಗಪ್‌ಚುಪ್!" ಮುಖಕ್ಕೆ ಪೌಡರ್ ಬಳಿದ ಹಾಗೆ ಬೆಳ್ಳಗೆ ಮಾಡಿದ್ದಾರೆ. ಎಡಗಡೆ ಹುಬ್ಬಿನ ಮೇಲಿದ್ದ ಗಾಯದ ಗುರುತನ್ನು ಅಳಿಸಿಬಿಟ್ಟಿದ್ದಾರೆ. ಅವಳು ಹೋದಾಗ ನಿಮ್ಮ ಶೆಡ್ಡಿನವರು ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸುತ್ತೇವೆ ಎಂದಾಗ ಬೇಡ ಅಂದವರು ನೀವು. ಅವಳ ಮುಖ ಬೀದಿಯಲ್ಲಿ ಬಿಸಿಲಿಗೆ ಒಣಗುವುದು ಬೇಡ ಎಂದಿದ್ದಿರಿ.

ಕೆಳಗೆ ನಿಂತಿದ್ದೆ. ಒಬ್ಬಳು ತಾಯಿ ಮಗಳ ತಲೆ ಮೇಲೆ ಮೊಟಕಿ "ನೋಡು ಆ ಹುಡುಗೀನ, ನಿನ್ನ ವಯಸ್ಸೇ, ಎಷ್ಟು ಜಾಣೆ. ನೀನೂ ಇದ್ದೀಯ" ಎಂದಳು. ಹುಡುಗಿ ಫ್ಲೆಕ್ಸಿನ ಕಡೆ ನಾಲಿಗೆ ಚಾಚಿದಳು. ನನಗೆ ನಗು ಬಂತು. ಜುಲೈನಿಂದ ಮೊದಲನೇ ಸಲ.

ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ. ಕಡಲಾಚೆಗೆ ಟಪಾಲು ಒಯ್ಯುವ ಆಮೆಯ ಕಥೆ. ಅರ್ಧ ನನಗೆ ತಿಳಿಯಲಿಲ್ಲ. ಬಣ್ಣ ಹೆಚ್ಚು, ಎಲ್ಲರೂ ಬೇಗ ಬೇಗ ಮಾತಾಡುತ್ತಾರೆ. ನನ್ನ ಕಿವಿ ಚೆನ್ನಾಗಿದೆಯಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದೆ. ನೀವು ಬರೆದ ಹಾಗೇ ಇಡೀ ಟಾಕೀಸು ಬಾಯಾಡಿಸುತ್ತಿತ್ತು, ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಒಂದು ಸಲ ನಿಂತಿತು. ಆಮೆಯ ತಾಯಿ ಅಗಲುವಾಗ ಅಲ್ಲ, ಅಳುವಾಗಲೂ ಅಲ್ಲ. ಆಮೆ ಒಂದು ಲಕೋಟೆಯನ್ನು ಒಡೆಯಬೇಕೋ ಬೇಡವೋ ಎಂದು ಸುಮ್ಮನೆ ಕೈಯಲ್ಲಿ ಹಿಡಿದು ಕೂರುತ್ತದೆ, ಅಲ್ಲಿ. ಅಷ್ಟು ಮಕ್ಕಳೂ ಉಸಿರು ಬಿಗಿಹಿಡಿದರು. ಏನೂ ಆಗದ ಜಾಗ ಅದು.

ಅಲ್ಲಿಂದ ಎದ್ದು ಬಂದೆ. ಬಸ್ಸಿನಲ್ಲಿ ಅಳು ಬರಲಿಲ್ಲ, ಸುಸ್ತಾಗಿ ನಿದ್ದೆ ಬಂತು, ದೇವನಹಳ್ಳಿಯಲ್ಲಿ ಇಳಿಯುವುದನ್ನು ಮರೆತು ಮುಂದೆ ಹೋದೆ.

ಸುಮ್ಮನೆ ನಿಲ್ಲಿಸಿ ಎಂದು ನವೆಂಬರಿನಲ್ಲಿ ಕೇಳಿದ್ದೆ. ಈಗ ಅಷ್ಟು ಸಾಲದು. ಸುಮ್ಮನೆ ನಿಲ್ಲಿಸಿದರೆ ಅವಳಿಗೆ ಬರೆದು ಬೇಜಾರಾಯಿತು ಎಂದುಕೊಳ್ಳುತ್ತಾರೆ. ಅವಳು ಇಲ್ಲ ಎಂದು ಬರೆಯಿರಿ. ಯಾವುದು ಅವಳದು, ಯಾವುದು ನಿಮ್ಮದು ಎಂದು ಬರೆಯಿರಿ. ಅಲ್ಲಿಯವರೆಗೆ ನಾನು ಆ ಮನೆಗೆ ಬರಲಾರೆ. ಕೋಪದಿಂದಲ್ಲ. ಅರ್ಧ ಸತ್ತ ಮಗುವಿನ ಜೊತೆ ಇರಲು ಆಗುವುದಿಲ್ಲ.

ಅಕ್ಷತ


ದೊಡ್ಡಬಳ್ಳಾಪುರ
16 ಫೆಬ್ರವರಿ 2025

ಅಕ್ಷತಾ,

ಮೂರು ವಾರ ಸುಮ್ಮನಿದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆ ಮೂರು ವಾರ ಪತ್ರಿಕೆಯಲ್ಲಿ ಅವಳ ಹೆಸರಿನಲ್ಲಿ ಏನೂ ಬಂದಿಲ್ಲ. ಐದು ಸಲ ಬರೆದು ಐದು ಸಲ ಹರಿದೆ. ಒಂದರಲ್ಲಿ "ದೇವರ ಪಾದ ಸೇರಿದಳು" ಎಂದಿತ್ತು, ಒಂದರಲ್ಲಿ "ನಮ್ಮನ್ನಗಲಿದಳು". ಓದಿದರೆ ಯಾರದೋ ಮನೆಯ ಮಗುವಿನ ವಿಷಯ ಎನ್ನಿಸುತ್ತಿತ್ತು. ಕೊನೆಗೆ ಮಗ್ಗ ನಿಲ್ಲಿಸಿದ ಊಟದ ಹೊತ್ತಿನಲ್ಲಿ ಕೂತು, ನಿನಗೆ ಕಾಗದ ಬರೆಯುವ ಹಾಗೆ ಬರೆದೆ.

ಕಾಂತರಾಜು ಓದಿದರು. "ಇದನ್ನ ಹಾಕಿದ್ರೆ ನನ್ನೂ ಬಯ್ತಾರೆ ಗುರು, ಗೊತ್ತಿದ್ದೂ ಹಾಕ್ದೆ ಅಂತ" ಎಂದರು. ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಅವರೇ ಅಂದರು, "ಬಯ್ಯಲಿ ಬಿಡು. ಮೊದಲ್ನೇ ವಾರಾನೇ ನಾನು ಕೇಳಬೇಕಾಗಿತ್ತು. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ."

ಫ್ಲೆಕ್ಸ್ ನನಗೆ ಹೇಳಿ ಕಟ್ಟಿದ್ದಲ್ಲ. ಆದರೆ ಕಟ್ಟಿದ ಮೇಲೆ ದಿನಾ ಅದರ ಕೆಳಗೇ ಸೈಕಲ್ ತಳ್ಳಿಕೊಂಡು ಹೋಗಿದ್ದೇನೆ, ತೆಗೆಯಿರಿ ಅನ್ನಲಿಲ್ಲ. ಮುಖ ಕಾಣುತ್ತಿತ್ತಲ್ಲ. ನಿನ್ನ ಕಾಗದ ಬಂದ ಮಾರನೆಯ ದಿನ ಅಶೋಕನ ಹತ್ತಿರ ಹೋಗಿ ನಿಜ ಹೇಳಿದೆ. ಅವನು ಟಿಕೆಟ್ ಕಿಟಕಿಯ ಒಳಗೆ ಕೂತಿದ್ದ. ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಅಣ್ಣಾ, ವಾರಾ ವಾರಾ ಪರೀಕ್ಷೆ ಅಂತಿದ್ದೆಯಲ್ಲಣ್ಣಾ" ಎಂದು ಎರಡು ಮೂರು ಸಲ ಅದನ್ನೇ ಹೇಳಿದ. ಆಮೇಲೆ ಏಣಿ ತಂದ. ಅವನು ಒಂದು ತುದಿ, ನಾನು ಒಂದು ತುದಿ ಬಿಚ್ಚಿದೆವು. ಮಡಚಿದರೆ ಮುಖದ ಮೇಲೆ ಗೆರೆ ಬೀಳುತ್ತದೆ ಎಂದು ಸುತ್ತಿ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ.

ಮೊನ್ನೆ ಶುಕ್ರವಾರ ಅಚ್ಚಾದದ್ದನ್ನು ಕತ್ತರಿಸಿ ಇದರ ಜೊತೆ ಕಳಿಸಿದ್ದೇನೆ.

"ಓದುಗರಿಗೆ. ಈ ಅಂಕಣವನ್ನು ಹೇಳಿ ಬರೆಸುತ್ತಿದ್ದ ನನ್ನ ಮಗಳು ಚಂದನ, ಹತ್ತು ವರ್ಷ, ಕಳೆದ ಜುಲೈ 19ರಂದು ಜ್ವರದಿಂದ ಸತ್ತಳು. ಜುಲೈ 26ರ ಸಂಚಿಕೆಯವರೆಗೆ ಬಂದದ್ದೆಲ್ಲ ಅವಳ ಮಾತು. ಅದರಲ್ಲಿರುವ ಗಪ್‌ಚುಪ್ ನಿಜ, ನಂಬಬಹುದು. ಆಗಸ್ಟ್ 2ರಿಂದ ಈಚಿನದು ಅವಳ ಹೆಸರಿನಲ್ಲಿ ನಾನು ಬರೆದದ್ದು. ನನಗೆ ಕಿವಿ ಮಂದ. ನಾನು ಕೊಟ್ಟ ಗಪ್‌ಚುಪ್ ಒಂದೂ ನಿಜವಲ್ಲ. ಅವುಗಳನ್ನು ನಂಬಿ ಸಿನಿಮಾಕ್ಕೆ ಹೋದ ಮಕ್ಕಳು ನನ್ನನ್ನು ಕ್ಷಮಿಸಬೇಕು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಂಕಣ ಇಲ್ಲಿಗೆ ಮುಗಿಯಿತು. ವೇಣುಗೋಪಾಲ, ಚಂದನಳ ತಂದೆ."

ನೆನ್ನೆ, ಇವತ್ತು ಎರಡು ದಿನವೂ ಮಲಗಿದ್ದೆ. ಕಾಯಿಲೆಯೇನಿಲ್ಲ. ಭಾನುವಾರ ಸಿನಿಮಾಕ್ಕೆ ಹೋಗದಿದ್ದರೆ ಏನು ಮಾಡಬೇಕೆಂದು ತಿಳಿಯಲಿಲ್ಲ, ಅಷ್ಟೇ. ಊಟ ಮಾಡಿದ್ದೇನೆ.

ವೇಣು


ನಲ್ಲೂರು
4 ಮಾರ್ಚ್ 2025

ಚಂದನಳ ಅಪ್ಪನಿಗೆ,

ನೀವು ಕಳಿಸಿದ ಚೂರನ್ನು ಮೊದಲು ನಾನು ಓದಿದೆ, ಆಮೇಲೆ ಚೈತ್ರಳಿಗೆ ಕೊಟ್ಟೆ. ಅವಳು ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದಿದಳು. ಮುಗಿಸಿ, "ಹಂಗಾದ್ರೆ ಸುಳ್ಳು ಹೇಳಿದ್ದು ಅವ್ಳಲ್ಲ, ಅಂಕಲ್ಲು" ಎಂದಳು. ಹೌದು ಅಂದೆ. "ಅಂಕಲ್‌ಗೆ ಯಾರು ಬಯ್ತಾರೆ?" ಎಂದು ಕೇಳಿದಳು. ನಾನು ಬಯ್ದಿದ್ದೇನೆ ಎಂದ ಮೇಲೆ ಸಮಾಧಾನವಾಯಿತು.

"ಸತ್ತಳು" ಎಂದು ಅಚ್ಚಿನಲ್ಲಿ ನೋಡಿದ ಮೇಲೆ ನಾನು ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ. ನಮ್ಮಮ್ಮ ಹುಣಸೆಹಣ್ಣು ಜಜ್ಜುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದಳು. ಬೇಕೆಂದು ಕೇಳಿದವಳು ನಾನೇ. ಆದರೂ ಇಷ್ಟು ಚಿಕ್ಕ ಮಾತು ಎಂದುಕೊಂಡಿರಲಿಲ್ಲ.

ಈಗ ನನ್ನದೊಂದಿದೆ, ಹೇಳಬೇಕು. ನಿಮಗೆ ಅಷ್ಟು ಕಠಿಣವಾಗಿ ಬರೆಯುವಾಗಲೆಲ್ಲ ಇದು ನನ್ನ ಬೆನ್ನ ಹಿಂದೆ ಇತ್ತು.

ಊರು ಬಿಟ್ಟು ಬರುವಾಗ ನಮ್ಮ ರೇಷನ್ ಕಾರ್ಡು ನನ್ನ ಬ್ಯಾಗಿನಲ್ಲಿತ್ತು. ಈಗ ಯಾವ ಊರಿನಲ್ಲಾದರೂ ಹೆಬ್ಬೆಟ್ಟು ಒತ್ತಿ ತೆಗೆದುಕೊಳ್ಳಬಹುದಲ್ಲ. ಇಲ್ಲಿಯ ನ್ಯಾಯಬೆಲೆ ಅಂಗಡಿಯ ಅಪ್ಪಯ್ಯಣ್ಣನಿಗೆ ನಮ್ಮ ವಿಷಯ ಗೊತ್ತು, ಮಣ್ಣಿಗೆ ಬಂದಿದ್ದ. ಆಗಸ್ಟಿನಲ್ಲಿ ಮೊದಲ ಸಲ ಹೋದಾಗ ಮಿಷನ್ನಿನಲ್ಲಿ ಮೂರು ಹೆಸರು ಬಂತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಮೂರು ಜನದ್ದೂ ಹಾಕ್ಲೇನಮ್ಮಾ?" ಎಂದ. ನಾನು ಹೂಂ ಅಂದೆ.

ಆಮೇಲೆ ಪ್ರತಿ ತಿಂಗಳು ಕೇಳುತ್ತಾನೆ. ಪ್ರತಿ ತಿಂಗಳು ನಾನು ಹೂಂ ಅನ್ನುತ್ತೇನೆ. ಅಕ್ಕಿಯ ಆಸೆಗಲ್ಲ, ಅಮ್ಮನ ಮನೆಯಲ್ಲಿ ಉಣ್ಣುವುದಕ್ಕೆ ಬೇಕಾದಷ್ಟಿದೆ. ಇಲ್ಲ, ಇಬ್ಬರದು ಸಾಕು ಎಂಬ ಮಾತು ಬಾಯಿಗೆ ಬರುವುದಿಲ್ಲ. ತಂದು ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿಯುತ್ತೇನೆ. ಯಾವುದು ಅವಳ ಪಾಲು ಎಂದು ಬೇರೆ ಗೊತ್ತಾಗುವುದಿಲ್ಲ. ಏಳು ತಿಂಗಳು ಅದನ್ನೇ ಬೇಯಿಸಿ ಉಂಡಿದ್ದೇನೆ. ಅವಳ ಹೆಸರಿನಲ್ಲಿ ನೀವು ಬರೆದಿರಿ, ನಾನು ಉಂಡೆ.

ನೆನ್ನೆ ಈ ತಿಂಗಳಿನದಕ್ಕೆ ಹೋಗಿದ್ದೆ. ನಿಮ್ಮ ಚೂರು ನನ್ನ ಪರ್ಸಿನಲ್ಲಿತ್ತು. ಅಪ್ಪಯ್ಯಣ್ಣ ಎಂದಿನ ಹಾಗೆ ಕೇಳಿದ. ಹೂಂ ಅನ್ನಲು ಆಗಲಿಲ್ಲ. ಬೇಡ ಅನ್ನಲೂ ಆಗಲಿಲ್ಲ. ಹಿಂದೆ ಸಾಲಿನಲ್ಲಿದ್ದವರು "ಬೇಗ ಹೇಳಮ್ಮಾ, ಬಿಸ್ಲು" ಎಂದರು. ಚೀಲ ಹಾಗೇ ಬಿಟ್ಟು ಮನೆಗೆ ಬಂದೆ. ಸಂಜೆ ಅವನೇ ಚೀಲ ತಂದುಕೊಟ್ಟು, ಖಾಲಿ ಚೀಲ, ಮೆಲ್ಲಗೆ ಹೇಳಿದ: "ತೆಗ್ಸಿಬಿಡವ್ವ. ನಾನು ಇನ್ನ ಕೇಳಲಾರೆ."

ಹೆಸರು ತೆಗೆಸಲು ಮರಣ ಪ್ರಮಾಣಪತ್ರ ಕೊಡಬೇಕಂತೆ. ಅದು ನಿಮ್ಮ ಹತ್ತಿರ ಬೀರುವಿನಲ್ಲಿದೆ. ದೊಡ್ಡಬಳ್ಳಾಪುರದ ತಾಲ್ಲೂಕು ಆಫೀಸಿನಲ್ಲೇ ಆಗುತ್ತದಂತೆ. ಸೋಮವಾರ, ಹತ್ತನೇ ತಾರೀಖು, ನಾನು ಮೊದಲ ಬಸ್ಸಿಗೆ ಬರುತ್ತೇನೆ. ನೀವು ಶೆಡ್ಡಿಗೆ ರಜೆ ಹೇಳಿ, ಹತ್ತು ಗಂಟೆಗೆ ಆಫೀಸಿನ ಗೇಟಿನ ಹತ್ತಿರ ಬನ್ನಿ. ಅಲ್ಲಿ ಯಾರ ಹೆಸರು, ಯಾಕೆ ತೆಗೆಯಬೇಕು ಎಂದು ಕೇಳುತ್ತಾರೆ. ನನ್ನಿಂದ ಹೇಳಲಾಗುವುದಿಲ್ಲ. ನೀವು ಒಂದು ಸಲ ಬರೆದಿದ್ದೀರಿ, ನೀವೇ ಹೇಳಿ. ಅವರು ಮೆಲ್ಲಗೆ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ, ಏನು ಕೇಳಿದರು ಎಂದು ನಾನು ಪಕ್ಕದಲ್ಲಿ ನಿಂತು ಹೇಳುತ್ತೇನೆ.

ಅದು ಮುಗಿದ ಮೇಲೆ ನಲ್ಲೂರಿಗೆ ಹಿಂದಿರುಗಬೇಕೋ ಮನೆಗೆ ಬರಬೇಕೋ ನನಗೆ ಇನ್ನೂ ಗೊತ್ತಿಲ್ಲ. ಕಾರ್ಡಿನಲ್ಲಿ ಎರಡು ಹೆಸರು ನೋಡಿದ ಮೇಲೆ ಹೇಳುತ್ತೇನೆ.

ಅಕ್ಷತ